ವರದಿಯ ಹದಿನೇಳನೇ ಪುಟ

೪ ಜನವರಿ ೨೦೨೩

ಚಿಣ್ಣೀ,

೨೦೧೩ರ ಜೂನ್ ಹದಿನೆಂಟು, ಮಂಗಳವಾರ, ನಿಮ್ಮ ಗೆಡ್ಡೆ ಬೆಳೆಗಳ ಸಂಶೋಧನಾ ಕೇಂದ್ರದ ಎರಡು ಲಾರಿಗಳು ನಮ್ಮ ಕಣಿವೆಗೆ ಬಂದು ನೆಡಲು ಮರಗೆಣಸಿನ ಕಡ್ಡಿ ಇಳಿಸಿದವು. ಕಡ್ಡಿಯ ಜೊತೆಗೆ ಎಲೆಯ ನಂಜುರೋಗವೂ ಇಳಿಯಿತು. ಮರುವರ್ಷ ಮಾರ್ಚ್ ಮೂರರಂದು ಅದೇ ಕೇಂದ್ರ ಒಂದು ವರದಿ ಅಚ್ಚು ಹಾಕಿಸಿತು. ಅದರ ಹದಿನೇಳನೇ ಪುಟದಲ್ಲಿ, ರೋಗ ಹುಟ್ಟಿದ್ದು ಬೆಳೆಗಾರರ ಸಂಘದ ಕಾರ್ಯದರ್ಶಿಯ ಹೊಲದಲ್ಲಿ, ಅವರು ಕದ್ದುಮುಚ್ಚಿ ಉಳಿಸಿಕೊಂಡಿದ್ದ ಹಳೆಯ ಕಡ್ಡಿಯಿಂದ ಎಂದು ಬರೆಯಿತು. ಆ ಕಾರ್ಯದರ್ಶಿ ನನ್ನ ಗಂಡ, ನಿನ್ನ ಒಡಹುಟ್ಟಿದ ಅಣ್ಣ. ಹಳೆಯ ಕಡ್ಡಿಯನ್ನೆಲ್ಲ ಲಾರಿ ಬರುವ ಮೊದಲೇ ಅವರು ನನ್ನ ಕಣ್ಣೆದುರೇ ರಾಶಿ ಹಾಕಿ ಸುಟ್ಟಿದ್ದರು. ಒಂದೇ ಒಂದು ತುಂಡೂ ಉಳಿಸಿಕೊಂಡಿರಲಿಲ್ಲ.

ಹೊಸ ವರ್ಷದ ಪತ್ರ ಹೀಗೆ ಶುರುವಾಗಬಾರದು, ಗೊತ್ತು. ಶುಭಾಶಯ ಕೊನೆಗೆ ಬರೆಯುತ್ತೇನೆ, ಜಾಗ ಉಳಿದರೆ. ಫೋನ್ ಮಾಡಬಾರದಾ ಅತ್ತಿಗೆ ಅಂತ ನೀನು ಕೇಳುತ್ತಲೇ ಇರುತ್ತೀಯ. ಮೂವತ್ತೊಂದು ವರ್ಷ ವಾಚನಾಲಯದಲ್ಲಿ ಕಾಗದ ಜೋಡಿಸಿಟ್ಟವಳು ನಾನು. ಬಾಯಿಮಾತಿಗೆ ಪುಟಸಂಖ್ಯೆ ಇರುವುದಿಲ್ಲ.

ಈಗ ಬರೆಯಲು ಕಾರಣ ಇದೆ. ನಿನ್ನೆ ಕೃಷಿ ಕಚೇರಿಯವನು ವಾಚನಾಲಯದ ಹಲಗೆಗೆ ಒಂದು ಹಸಿರು ಕಾಗದ ಅಂಟಿಸಿಹೋದ. ‘ನಂಜುರೋಗಕ್ಕೆ ಜಗ್ಗದ ಮರಗೆಣಸಿನ ಹೊಸ ತಳಿ, ಈ ಮಳೆಗಾಲಕ್ಕೆ ನಿಮ್ಮ ಕಣಿವೆಯಲ್ಲಿ ವಿತರಣೆ.’ ತಳಿ ಬೆಳೆಸಿದವರ ಸಾಲಿನಲ್ಲಿ ನಿನ್ನ ಹೆಸರು ಮೊದಲಿದೆ. ನಿನ್ನ ಅಣ್ಣನಿಗೆ ತೋರಿಸಿದೆ. ಎರಡು ಸಲ ಓದಿದರು, ಕನ್ನಡಕ ಒರೆಸಿಕೊಂಡರು, “ಹುಡುಗಿ ಗೆದ್ದಳು ಕಣೇ” ಎಂದರು. ಅಷ್ಟೇ. ಎದ್ದು ಜೋಳಕ್ಕೆ ನೀರು ಬಿಡಲು ಹೋದರು. ಆ ಹೊಲದಲ್ಲಿ ಹತ್ತು ವರ್ಷದಿಂದ ಅವರು ಮರಗೆಣಸು ನೆಟ್ಟಿಲ್ಲ, ಸಂಘದ ಗೋದಾಮಿನ ಅಂಗಳಕ್ಕೆ ಕಾಲಿಟ್ಟಿಲ್ಲ. ಊರು ಅವರಿಗೆ ನಂಜಪ್ಪ ಎಂದು ಹೆಸರಿಟ್ಟಿದೆ. ಎಳೆ ಮಕ್ಕಳಿಗೆ ಅದೇ ಅವರ ನಿಜವಾದ ಹೆಸರು.

ನನಗೆ ಬೇಕಾಗಿರುವುದು ಒಂದೇ. ೨೦೧೩ರಲ್ಲಿ ಕಡ್ಡಿಯ ಪ್ರತಿ ಕಟ್ಟಿಗೂ ಒಂದು ಚೀಟಿ ಕಟ್ಟಿತ್ತು: ‘ಪರೀಕ್ಷಿಸಲಾಗಿದೆ, ರೋಗಮುಕ್ತ’, ಕೆಳಗೊಂದು ಸಹಿ. ಆ ಪರೀಕ್ಷೆ ಮಾಡಿದ ಮಹಾನುಭಾವ ಯಾರು? ನಿಮ್ಮಲ್ಲಿ ರಿಜಿಸ್ಟರು ಇರಲೇಬೇಕು. ನೋಡಿ ಬರೆ.

ಶುಭಾಶಯಕ್ಕೆ ಜಾಗ ಉಳಿಯಿತು. ನಿನ್ನ ಹೊಸ ತಳಿ ಗೆಲ್ಲಲಿ.

ನಿನ್ನ ಅತ್ತಿಗೆ


೧೯ ಜನವರಿ ೨೦೨೩

ಅತ್ತಿಗೆ,

ನಿಮ್ಮ ಪತ್ರ ಬಂತು. ಅಣ್ಣ ‘ಗೆದ್ದಳು’ ಅಂದನಾ? ಆ ಸಾಲನ್ನು ಎಷ್ಟು ಸಲ ಓದಿದೆನೋ.

ನಿಜಕ್ಕೂ ಗೆದ್ದಿದ್ದೇವೆ ಅತ್ತಿಗೆ. ಇದು ಜಂಬದ ಮಾತಲ್ಲ. ೨೦೧೪ರಲ್ಲಿ ನಾನೇ ಮಾಡಿದ ಸಂಕರ ಇದು. ಹೆಣ್ಣು ಹೂ ಮಧ್ಯಾಹ್ನ ಅರಳುತ್ತದೆ. ಅದಕ್ಕೆ ಮೊದಲೇ ತೆಳುಬಟ್ಟೆಯ ಚೀಲ ಕಟ್ಟಿ, ಆಮೇಲೆ ಬೇರೆ ಗಿಡದ ಗಂಡು ಹೂ ತಂದು ಸವರಿ, ಮತ್ತೆ ಚೀಲ ಕಟ್ಟಬೇಕು. ಕಾಯಿ ಒಣಗಿದರೆ ಪಟ್ಟನೆ ಸಿಡಿದು ಬೀಜ ಹಾರಿಹೋಗುತ್ತದೆ. ಅಷ್ಟೆಲ್ಲ ಕಾದರೆ ಒಂದು ಕಾಯಿಗೆ ಹೆಚ್ಚೆಂದರೆ ಮೂರು ಬೀಜ. ಹಾಗೆ ಕೂಡಿಸಿದ್ದು ಎರಡು ಸಾವಿರದ ಇನ್ನೂರು ಸಸಿ. ನಡುನಡುವೆ ಬೇಕೆಂದೇ ರೋಗದ ಗಿಡಗಳ ಸಾಲು ನೆಟ್ಟು, ಬಿಳಿನೊಣ ತಾನಾಗಿ ರೋಗ ಹಂಚಲಿ ಅಂತ ಬಿಟ್ಟೆವು. ಮೊದಲ ವರ್ಷವೇ ಸಾವಿರದ ಎಂಟುನೂರು ಗಿಡದ ಎಲೆ ಮುರುಟಿ ಹಳದಿ ಮಚ್ಚೆಯಾದವು. ಉಳಿದವನ್ನು ಮತ್ತೆ ನೆಟ್ಟೆವು, ಮತ್ತೆ ಆರಿಸಿದೆವು. ಎಂಟನೇ ವರ್ಷಕ್ಕೆ ಉಳಿದದ್ದು ಒಂದು. ಅದರ ನಂಬರು ೪೧೭.

ಹೋದ ವರ್ಷ ಅದಕ್ಕೆ ಕೊನೆಯ ಪರೀಕ್ಷೆ ಕೊಟ್ಟೆ. ರೋಗ ಹಿಡಿದ ಗಿಡದ ಬುಡಕ್ಕೆ ೪೧೭ರ ತುದಿ ಕಸಿ ಕಟ್ಟಿದೆ. ಕೆಳಗೆಲ್ಲ ನಂಜು, ಮೇಲೆ ಇವಳು. ತಿಂಗಳಿಗೆ ಚಿಗುರಿದಳು. ಒಂದು ಎಲೆಯಲ್ಲಾದರೂ ಮಚ್ಚೆ ಇದ್ದರೆ ಕೇಳಿ! ತೋಟದ ಮೇಸ್ತ್ರಿ, “ಮೇಡಮ್, ಇದು ಅತ್ತೆ ಮನೆಗೆ ಹೋಗಿ ಅತ್ತೆಯ ಗುಣ ಕಲಿಯದ ಸೊಸೆ” ಅಂದರು. ಅವತ್ತಿನಿಂದ ೪೧೭ ನಮ್ಮಲ್ಲಿ ‘ಸೊಸೆ’. ಗೆಡ್ಡೆಯಲ್ಲಿ ಪಿಷ್ಟವೂ ಹಳೆಯ ತಳಿಗಿಂತ ಹೆಚ್ಚು. ನಿಮ್ಮ ಪಿಷ್ಟದ ಕಾರ್ಖಾನೆಯವರು ಮೂಗು ಮುರಿಯಲು ಏನೂ ಉಳಿದಿಲ್ಲ.

ಒಂದು ಕೇಳಿಕೆ. ಕಣಿವೆಯ ಮೊದಲ ಸಾಲು ಅಣ್ಣನ ಹೊಲದಲ್ಲೇ ನೆಡಬೇಕು ಅಂತ ನನ್ನ ಆಸೆ. ಅವನನ್ನು ಒಪ್ಪಿಸುತ್ತೀರಾ?

ಹಳೆಯ ರಿಜಿಸ್ಟರು ಯಾವ ಬೀರುವಿನಲ್ಲಿದೆಯೋ ನೋಡಬೇಕು. ಕಚೇರಿ ಎರಡು ಸಲ ಸ್ಥಳ ಬದಲಾಯಿಸಿದೆ.

ಚಿಣ್ಣಿ


೨ ಫೆಬ್ರವರಿ ೨೦೨೩

ಚಿಣ್ಣೀ,

ಸೊಸೆಯ ಕಥೆ ಓದಿ ನಕ್ಕೆ. ನಿನ್ನ ಮೇಸ್ತ್ರಿಗೆ ನನ್ನ ನಮಸ್ಕಾರ ಹೇಳು. ಆದರೆ ನೋಡು, ನಾಲ್ಕು ಪುಟದ ಪತ್ರ, ನನ್ನ ಪ್ರಶ್ನೆಗೆ ಒಂದೂವರೆ ಸಾಲು. ಎರಡು ಸಾವಿರದ ಇನ್ನೂರು ಸಸಿಯ ಲೆಕ್ಕ ನಾಲಿಗೆಯ ತುದಿಯಲ್ಲಿರುವವಳಿಗೆ ಒಂದು ರಿಜಿಸ್ಟರು ಎಲ್ಲಿದೆ ಅಂತ ಗೊತ್ತಿಲ್ಲ!

ಮೊನ್ನೆ ಭಾನುವಾರ ವಾಚನಾಲಯದಲ್ಲಿ ಬೆಳೆಗಾರರ ಸಭೆ ಸೇರಿತು. ಮೂವತ್ತೆಂಟು ಜನ. ಕುರ್ಚಿ ಸಾಲದೆ ಪೇಪರಿನ ಕಟ್ಟುಗಳ ಮೇಲೂ ಕೂತರು, ನಾನು ಏಳಿಸಿದೆ.

“ಕೊಡ್ತಾರೆ ಅಂದ್ರೆ ತಗೊಳ್ಳೋಣ. ಹೋದ ಸಲ ಹೋದದ್ದು ಹೋಯ್ತು,” ಎಂದ ಕಾರ್ಖಾನೆಯ ತೂಕದವನು.

“ಹೋದದ್ದು ನಿಂದಲ್ಲವಲ್ಲ, ಅದಕ್ಕೇ ಅಷ್ಟು ಸಲೀಸಾಗಿ ಹೋಯ್ತು,” ಎಂದಳು ಏರಿಯ ಮೇಲಿನ ಅಜ್ಜಿ. ಆ ವರ್ಷ ಅವಳ ಎರಡು ಎಕರೆಯಲ್ಲಿ ಬೆರಳು ಗಾತ್ರದ ಗೆಡ್ಡೆ ಸಿಕ್ಕಿತ್ತು.

“ಸರಿ ಬಿಡಜ್ಜಿ. ಈ ಸಲ ಮೊದಲು ಯಾರ ಹೊಲಕ್ಕೆ ಹಾಕೋದು, ಅದನ್ನ ಹೇಳಿ.”

“ನಂಜಪ್ಪನ ಹೊಲಕ್ಕೇ ಹಾಕ್ರೋ,” ಎಂದು ಹಿಂದಿನಿಂದ ಯಾರೋ ಕೂಗಿದರು. “ಅಲ್ಲಿ ಬದುಕಿದ್ರೆ ಎಲ್ಲೂ ಬದುಕುತ್ತೆ!”

ಸಭೆಗೆ ಸಭೆಯೇ ನಕ್ಕಿತು. ನನಗೆ ಕನ್ನಡಕ ತಂದುಕೊಡಲು ಬಂದಿದ್ದ ನಿನ್ನ ಅಣ್ಣ ಬಾಗಿಲಲ್ಲೇ ನಿಂತಿದ್ದರು. ಅವರೂ ನಕ್ಕರು ಚಿಣ್ಣಿ. ಊರು ನಕ್ಕದ್ದನ್ನು ತಡೆದುಕೊಂಡೆ. ಅವರು ನಕ್ಕದ್ದನ್ನು ಮಾತ್ರ ತಡೆಯಲಾಗಲಿಲ್ಲ.

ನಾನು ಎದ್ದು ನಿಂತೆ. ವರದಿಯ ಹದಿನೇಳನೇ ಪುಟ ಓದಿದೆ. “ಈ ಪುಟ ಬದಲಾಗೋವರೆಗೂ ಆ ಕೇಂದ್ರದ ಒಂದು ಕಡ್ಡಿಯನ್ನೂ ನಮ್ಮ ಮಣ್ಣಿಗೆ ಊರಬೇಡಿ. ಹೋದ ಸಲ ರೋಗ ಎಲ್ಲಿಂದ ಬಂತು ಅಂತ ನಿಜ ಹೇಳದವರು, ಈ ಸಲ ರೋಗ ಇಲ್ಲ ಅಂದ್ರೆ ಹೇಗೆ ನಂಬ್ತೀರಿ?” ಎಂದೆ. ಅಜ್ಜಿ ಮೊದಲು ಕೈ ಎತ್ತಿದಳು. ಆಮೇಲೆ ಇಪ್ಪತ್ತೊಂಬತ್ತು ಕೈ. ನಿರ್ಣಯದ ಪ್ರತಿ ಇದರೊಂದಿಗಿದೆ.

ಮನೆಗೆ ಬಂದು ನಿನ್ನ ಅಣ್ಣನನ್ನು ಕೇಳಿದೆ. “ಆ ಚೀಟಿಗಳು ಒಂದಾದರೂ ಉಳಿದಿಲ್ವಾ? ಸಹಿ ಯಾರದು ಅಂತ ನೆನಪಿಲ್ವಾ?”

“ಅದೆಲ್ಲ ಯಾವ ಕಾಲದ್ದು? ಬಿಡು ಅತ್ಲಾಗೆ.”

“ಬಿಟ್ಟದ್ದಕ್ಕೇ ಈ ಗತಿ.”

“ಗತಿಗೇನಾಗಿದೆ? ಊಟ ಮಾಡ್ತಿದ್ದೀವಿ, ನಿದ್ದೆ ಮಾಡ್ತಿದ್ದೀವಿ.”

ಸೌಮ್ಯ ಸ್ವಭಾವಕ್ಕೂ ಒಂದು ಮಿತಿ ಬೇಡವೇ? ನೀನೂ ಹಾಗೇ. ನಿಮ್ಮ ಈಗಿನ ನಿರ್ದೇಶಕರೇ ಆಗ ಬಿತ್ತನೆ ವಿಭಾಗದ ಮುಖ್ಯಸ್ಥರಾಗಿದ್ದರು, ವರದಿ ಬರೆದವರೂ ಅವರೇ. ಅವರ ಕೈಕೆಳಗೆ ನಿನಗೆ ಬಡ್ತಿ ಹತ್ತಿರವಿದೆ ಅಂತ ಕಾಣುತ್ತದೆ. ಭಯವಿದ್ದರೆ ಭಯ ಅಂತ ಬರೆ, ಬೀರು ಅಂತ ಬರೆಯಬೇಡ.

ನಿನ್ನ ಅತ್ತಿಗೆ


೨೭ ಫೆಬ್ರವರಿ ೨೦೨೩

ಅತ್ತಿಗೆ,

ಬಡ್ತಿಯ ಮಾತು ನೀವು ಬರೆಯಬಾರದಿತ್ತು.

ನಿಮ್ಮ ನಿರ್ಣಯ ನಿರ್ದೇಶಕರ ಮೇಜಿನ ಮೇಲಿದೆ. “ನಿಮ್ಮ ಊರಿನವರಿಗೆ ಬೇಡವಾದರೆ ಬೇರೆ ಕಣಿವೆಗಳಿಗೆ ಬೇಕು” ಅಂದರು. ಅದು ನಿಜವೂ ಹೌದು. ಈ ತಿಂಗಳು ಕಡ್ಡಿ ಕಡಿಯುತ್ತಿದ್ದೇವೆ. ಕಡಿದ ಕಡ್ಡಿಯನ್ನು ನೆರಳಿನಲ್ಲಿ ನಿಲ್ಲಿಸಿ ಎಷ್ಟೇ ಜೋಪಾನ ಮಾಡಿದರೂ ಮೂರು ತಿಂಗಳ ಮೇಲೆ ಕಣ್ಣು ಒಣಗುತ್ತದೆ, ಚಿಗುರುವುದಿಲ್ಲ. ಈ ಮಳೆ ತಪ್ಪಿದರೆ ನಿಮ್ಮ ಪಾಳಿ ಬರಲು ಮತ್ತೆ ಮೂರು ವರ್ಷ. ಅಲ್ಲಿಯವರೆಗೆ ಆ ಅಜ್ಜಿ ಮತ್ತದೇ ಬೆರಳು ಗಾತ್ರದ ಗೆಡ್ಡೆ ಕೀಳಬೇಕು. ಅದನ್ನು ಸಭೆಯಲ್ಲಿ ಯಾರಾದರೂ ಹೇಳಿದರಾ?

ನಾನು ಈ ಒಂಬತ್ತು ವರ್ಷ ದುಡಿದದ್ದು ಬೇರೆ ಯಾವ ಕಣಿವೆಗೂ ಅಲ್ಲ. ಪುಟದ ವಿಷಯ ಆಮೇಲೆ ನೋಡಿಕೊಳ್ಳೋಣ. ಮೊದಲು ನೆಡಿ. ಕೈಮುಗಿದು ಕೇಳುತ್ತೇನೆ.

ಚಿಣ್ಣಿ


೯ ಮಾರ್ಚ್ ೨೦೨೩

ಚಿಣ್ಣೀ,

ಒಣಗಲಿ.

ಹತ್ತು ವರ್ಷದಿಂದ ಎಲ್ಲರೂ ಹೇಳುವುದು ಅದನ್ನೇ: ಆಮೇಲೆ ನೋಡಿಕೊಳ್ಳೋಣ. ತಹಶೀಲ್ದಾರರು ಹೇಳಿದರು, ಪೇಪರಿನವರು ಹೇಳಿದರು, ನಿನ್ನ ಅಣ್ಣ ಹೇಳಿದರು. ಈಗ ನೀನು. ಆ ‘ಆಮೇಲೆ’ ಯಾವ ತಾರೀಖಿಗೆ ಬರುತ್ತದೆ ಅಂತ ಬರೆದು ಕಳಿಸು, ಗೋಡೆಗೆ ಹಾಕಿಕೊಳ್ಳುತ್ತೇನೆ.

ಹದಿನೇಳನೇ ಪುಟದ ನಕಲು ಇದರೊಳಗೆ ಇಟ್ಟಿದ್ದೇನೆ. ನಿನ್ನ ಅಣ್ಣನ ಬಗ್ಗೆ ‘ಅಜಾಗರೂಕ ಹಾಗೂ ಸ್ವಾರ್ಥಿ’ ಎಂದು ಬರೆದಿರುವ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ. ಊಟಕ್ಕೆ ಮುಂಚೆ ಒಂದು ಸಲ, ಊಟವಾದ ಮೇಲೆ ಒಂದು ಸಲ ಓದು. ನಿನ್ನನ್ನು ಓದಿಸಿದ್ದು ಆ ಸ್ವಾರ್ಥಿ.

ಅತ್ತಿಗೆ


೩೦ ಮಾರ್ಚ್ ೨೦೨೩

ಅತ್ತಿಗೆ,

ಸಹಿ ನನ್ನದು.

ಬೇರೆ ಕಾಗದದಲ್ಲಿ ಸುತ್ತುಬಳಸಿ ಬರೆದು ನಾಲ್ಕು ಸಲ ಹರಿದೆ. ಈಗ ಮೊದಲು ಅದನ್ನೇ ಬರೆದಿದ್ದೇನೆ. ಉಳಿದದ್ದನ್ನು ಓದುವುದೋ ಬಿಡುವುದೋ ನಿಮ್ಮಿಷ್ಟ.

ನಾನು ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. ನಮ್ಮ ನಿಯಮದ ಪ್ರಕಾರ ಕಡ್ಡಿಗೆ ಬಿಡುವ ಗಿಡವನ್ನು ಮೂರು ಸಲ ನೋಡಬೇಕು, ಮೂರು ಸಲವೂ ಎಲೆ ಇರುವಾಗ. ರೋಗ ಕಾಣುವುದು ಎಲೆಯಲ್ಲಿ ಮಾತ್ರ. ಆ ವರ್ಷ ಪರೀಕ್ಷಕರ ಹುದ್ದೆ ಖಾಲಿ ಇತ್ತು, ಯಾರೂ ಒಂದು ಸಲವೂ ಹೊಲಕ್ಕೆ ಇಳಿದಿರಲಿಲ್ಲ. ಕಡ್ಡಿ ಕಡಿದು, ಎಲೆ ಸವರಿ, ಕಟ್ಟು ಕಟ್ಟಿ ಕೊಟ್ಟಿಗೆಯಲ್ಲಿ ಪೇರಿಸಿದ ಮೇಲೆ ಚೀಟಿಯ ನೆನಪಾಯಿತು. ಜೂನ್ ಹದಿನಾಲ್ಕು, ಶುಕ್ರವಾರ. ವಿಭಾಗದ ಮುಖ್ಯಸ್ಥರು ನನ್ನನ್ನು ಕರೆದರು.

“ನೋಡಮ್ಮ, ಸೋಮವಾರ ಲಾರಿ ಹೊರಡಬೇಕು. ನೀನೇ ಒಂದು ಸಲ ಕಣ್ಣಾಡಿಸಿ ಚೀಟಿಗೆ ಸಹಿ ಹಾಕಿಬಿಡು.”

“ಸಾರ್, ಎಲೆ ಇಲ್ವಲ್ಲ?”

“ಎಲೆಯೇ ಇಲ್ಲ ಅಂದ ಮೇಲೆ ಎಲೆ ರೋಗ ಎಲ್ಲಿಂದ ಬರುತ್ತೆ?”

ಎಲ್ಲರೂ ನಕ್ಕರು. ನಾನೂ ನಕ್ಕೆ ಅತ್ತಿಗೆ. ಆರುನೂರ ಹನ್ನೆರಡು ಚೀಟಿ. ಮೂರು ಗಂಟೆಗೆ ಕೂತವಳು ಆರಕ್ಕೆ ಎದ್ದೆ. ಆ ಕಟ್ಟುಗಳು ನಮ್ಮ ಊರಿಗೇ ಹೋಗುತ್ತವೆ ಅಂತ ಗೊತ್ತಿತ್ತು. ಅದಕ್ಕೇ ಸಹಿಯನ್ನು ಇನ್ನಷ್ಟು ಚೆಂದವಾಗಿ ಹಾಕಿದೆ.

ಆಗಸ್ಟ್ ಒಂಬತ್ತಕ್ಕೆ, ಆ ಕಡ್ಡಿ ಕಡಿದ ನಮ್ಮ ಕೇಂದ್ರದ ಹೊಲದಲ್ಲಿ ಮೋಟುಗಳು ಚಿಗುರಿದ್ದವು. ನಲವತ್ತು ಮೋಟು ನೋಡಿದೆ, ಮೂವತ್ತೊಂದರಲ್ಲಿ ರೋಗ. ರಿಜಿಸ್ಟರಿನಲ್ಲಿ ಬರೆದೆ, ತಾರೀಖು ಹಾಕಿದೆ, ಒಯ್ದು ತೋರಿಸಿದೆ. ಮುಖ್ಯಸ್ಥರು ಓದಿ ಕೆಳಗೆ ‘ನೋಡಿದೆ’ ಎಂದು ಸಹಿ ಹಾಕಿದರು. ಮರುದಿನ ಬೆಳಿಗ್ಗೆ ಟ್ರ್ಯಾಕ್ಟರು ಬಂದು ಇಡೀ ಹೊಲ ಉತ್ತುಹಾಕಿತು. “ಬರೆದದ್ದು ಬರೆದಾಯ್ತು. ಇನ್ನು ಬಾಯಿ ಬಿಡಬೇಡ. ಚೀಟಿಯ ಮೇಲಿರೋದು ನನ್ನ ಸಹಿಯಲ್ಲ, ನಿನ್ನದು,” ಅಂದರು. ಆಮೇಲೆ ಮಾರ್ಚ್‌ನಲ್ಲಿ ನಿಮ್ಮ ಹದಿನೇಳನೇ ಪುಟ ಬಂತು. ನಾನು ಓದಿದೆ. ಸುಮ್ಮನಿದ್ದೆ.

ಆ ವರ್ಷದ ರಜೆಗೆ ಊರಿಗೆ ಬಂದಾಗ ಹೇಳಿಬಿಡಬೇಕು ಅಂತಲೇ ಬಂದಿದ್ದೆ. ಅಣ್ಣ ಬಸ್ ನಿಲ್ದಾಣಕ್ಕೆ ಬಂದಿದ್ದ. ಪೆಟ್ಟಿಗೆ ಕಸಿದುಕೊಂಡ. ದಾರಿಯುದ್ದಕ್ಕೂ ನನ್ನ ಕೆಲಸದ ಬಗ್ಗೆಯೇ ಕೇಳಿದ, ಹೊಲದ ಬಗ್ಗೆ ಒಂದು ಮಾತೂ ಆಡಲಿಲ್ಲ. ನನಗೆ ಬಾಯಿ ಬರಲಿಲ್ಲ. ವಾಪಸ್ ಹೋಗಿ ಸಂಕರ ಶುರು ಮಾಡಿದೆ. ತಳಿ ಕೊಟ್ಟುಬಿಟ್ಟರೆ ಮಾತು ಬೇಕಾಗುವುದಿಲ್ಲ ಅಂದುಕೊಂಡಿದ್ದೆ.

ರಿಜಿಸ್ಟರು ಯಾವ ಬೀರುವಿನಲ್ಲೂ ಇಲ್ಲ. ನನ್ನ ಮೇಜಿನ ಖಾನೆಯಲ್ಲಿದೆ, ಹತ್ತು ವರ್ಷದಿಂದ.

ಅಣ್ಣನಿಗೆ ನೀವೇ ಹೇಳಿ. ನನ್ನಿಂದ ಆಗದು.

ಚಿಣ್ಣಿ


೧೪ ಮೇ ೨೦೨೩

ಚಿಣ್ಣೀ,

ಆರು ವಾರ ನಿನ್ನನ್ನು ಕಾಯಿಸಿದೆ. ಬೇಕೆಂದೇ ಕಾಯಿಸಿದೆ. ಮೊದಲ ವಾರ ಬರೆದಿದ್ದರೆ ನಾವಿಬ್ಬರೂ ಮತ್ತೆಂದೂ ಮಾತಾಡದಂಥ ಪತ್ರವಾಗುತ್ತಿತ್ತು.

ಪತ್ರ ಬಂದ ದಿನ ನಿನ್ನ ಅಣ್ಣ ಹಿತ್ತಿಲಲ್ಲಿ ಸೈಕಲ್ಲಿನ ಸರಪಳಿಗೆ ಎಣ್ಣೆ ಬಿಡುತ್ತಿದ್ದರು. ಎದುರಿಗೆ ನಿಂತು ಮೊದಲ ಸಾಲು ಓದಿದೆ. ಅವರು ತಲೆ ಎತ್ತಲಿಲ್ಲ.

“ಕೇಳಿಸ್ತಾ? ಸಹಿ ಅವಳದ್ದಂತೆ.”

“ಗೊತ್ತು,” ಎಂದರು.

“ಏನು ಗೊತ್ತು?”

“ಕಟ್ಟು ಇಳಿಸಿದ ದಿನವೇ ಗೊತ್ತು. ಆ ಸೊಟ್ಟ ಬಾಲದ ಸಹಿ ನಾನೇ ಅಲ್ವಾ ಕಲಿಸಿದ್ದು? ಅವಳು ಆರನೇ ಕ್ಲಾಸಲ್ಲಿದ್ದಾಗ, ಸ್ಲೇಟಿನ ಮೇಲೆ.”

“ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?”

“ತಂಗಿಯ ಸಹಿ ಅಂದ್ರೆ ಮನೆ ವ್ಯವಹಾರ ಅಂತಾರೆ ಅಂತ ಸುಮ್ಮನಾದೆ. ಒಳಗೊಳಗೇ ಖುಷಿಪಟ್ಟೆ. ಆಮೇಲೆ ರೋಗ ಬಂತು.”

ರೋಗ ಬಂದ ವಾರ ಅವರು ಏನು ಮಾಡಿದರು ಗೊತ್ತೇ? ಸೈಕಲ್ ತೆಗೆದುಕೊಂಡು ಮನೆಮನೆಗೆ ಹೋದರು. “ಕೇಂದ್ರಕ್ಕೆ ಚೀಟಿ ವಾಪಸ್ ಬೇಕಂತೆ” ಎಂದು ಹೇಳಿ ಎಲ್ಲವನ್ನೂ ಒಟ್ಟು ಮಾಡಿದರು. ನಮ್ಮ ಮನೆಯ ಎಂಟು ಚೀಟಿಯನ್ನು ನಾನೇ ಹುಡುಕಿ ಕೊಟ್ಟಿದ್ದೆ. ಸಾಕ್ಷಿ ಜೋಪಾನ ಮಾಡಿ ಅಂತ ಬೇರೆ ಹೇಳಿದ್ದೆ! ಎಲ್ಲ ನೀರೊಲೆಗೆ ಹೋದವು. ಇಷ್ಟು ವರ್ಷ ನಾನು ಅವರನ್ನು ಬಾಯಿಲ್ಲದ ಬಸವ ಅಂತ ಅಂದುಕೊಂಡಿದ್ದೆ. ಬಾಯಿ ಇತ್ತು, ಬೀಗ ಹಾಕಿಕೊಂಡಿದ್ದರು.

“ನನಗಾದರೂ ಹೇಳಬಹುದಿತ್ತಲ್ಲ?” ಎಂದೆ.

“ನಿನಗೆ ಹೇಳಿದ್ರೆ ಪೇಪರಿಗೆ ಬರೀತಿದ್ದೆ.”

ಬರೆಯುತ್ತಿದ್ದೆ. ಹನ್ನೊಂದು ದಿನ ಅವರ ಜೊತೆ ಮಾತು ಬಿಟ್ಟೆ. ತಟ್ಟೆ ಕುಕ್ಕಿ ಬಡಿಸಿದೆ. ನೀವಿಬ್ಬರೂ ಒಂದೇ ಗಿಡದ ಕಡ್ಡಿಗಳು. ಒಬ್ಬರನ್ನೊಬ್ಬರು ಕಾಪಾಡುವುದಕ್ಕೆ ಹೋಗಿ ಮೂವತ್ತೆಂಟು ಮನೆಯವರನ್ನು ಕತ್ತಲಲ್ಲಿಟ್ಟಿರಿ. ಅವರ ಜೊತೆ ನನ್ನನ್ನೂ. ಏರಿಯ ಅಜ್ಜಿಗೆ ತನ್ನ ಬೆಳೆ ಯಾಕೆ ಹೋಯಿತು ಎಂದು ಇವತ್ತಿಗೂ ಗೊತ್ತಿಲ್ಲ. ಇದನ್ನು ನಾನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ಅದು ನಿಧಾನಕ್ಕೆ ಆಗಬೇಕಾದ ಕೆಲಸ.

ಆದರೆ ನಾನು ಓದು ಬಲ್ಲವಳು, ಎರಡು ತಪ್ಪನ್ನು ಒಂದು ಮಾಡುವುದಿಲ್ಲ. ಎಲೆಯಿಲ್ಲದ ಕಡ್ಡಿಗೆ ನೀನು ಸಹಿ ಹಾಕಿದ್ದು ಅಂಜಿಕೆಯ ತಪ್ಪು. ಆಗಸ್ಟಿನಲ್ಲಿ ಅದನ್ನು ಕಂಡು ಬರೆದಿಟ್ಟೆ. ಆ ಬರಹ ಓದಿ, ‘ನೋಡಿದೆ’ ಎಂದು ಸಹಿ ಹಾಕಿ, ಹೊಲಕ್ಕೆ ಟ್ರ್ಯಾಕ್ಟರು ಹೊಡೆಸಿ, ಏಳು ತಿಂಗಳಾದ ಮೇಲೆ ಕೂತು ಹದಿನೇಳನೇ ಪುಟ ಬರೆದವರದ್ದು ತಪ್ಪಲ್ಲ, ತಿಳಿದು ಹೇಳಿದ ಸುಳ್ಳು. ನನ್ನ ಜಗಳ ಅದರ ಜೊತೆ.

ರಿಜಿಸ್ಟರಿನ ಆ ಪುಟದ ನಕಲು ಕಳಿಸು. ನಾನು ಬಹಿರಂಗ ಪತ್ರ ಬರೆಯುತ್ತೇನೆ. ಅದರಲ್ಲಿ ನಿನ್ನ ಹೆಸರು ಬರುತ್ತದೆ, ಬಾರದೆ ವಿಧಿಯಿಲ್ಲ. ಕೆಲಸಕ್ಕೆ ಕುತ್ತು ಬರಬಹುದು. ನಿನ್ನ ಅಣ್ಣ ಒಪ್ಪುತ್ತಿಲ್ಲ. “ಅವಳ ಹೆಸರು ಬರೋದಾದ್ರೆ ನನ್ನ ಹೆಸರು ನಂಜಪ್ಪ ಅಂತಲೇ ಇರಲಿ” ಎಂದು ಪಟ್ಟು ಹಿಡಿದು ಕೂತಿದ್ದಾರೆ. ನೀನೇ ಹೇಳು.

ಅತ್ತಿಗೆ


೨೫ ಮೇ ೨೦೨೩

ಅತ್ತಿಗೆ,

ಅಣ್ಣನಿಗೆ ಗೊತ್ತಿತ್ತು ಎಂಬಲ್ಲಿಗೆ ಬಂದು ಪತ್ರ ಮಡಿಸಿಟ್ಟು, ಹೊಲಕ್ಕೆ ಹೋಗಿ, ಸಂಜೆ ಬಂದು ಉಳಿದದ್ದು ಓದಿದೆ.

ಅವನಿಗೆ ಇದನ್ನು ಓದಿ ಹೇಳಿ: ಅಣ್ಣಾ, ಸಾಕು. ನನ್ನ ಪೆಟ್ಟಿಗೆ ಹತ್ತು ವರ್ಷ ಹೊತ್ತೆ, ಇನ್ನು ಇಳಿಸು. ನಾನು ಈಗ ಏಳು ತಿಂಗಳ ನೌಕರಿಯವಳಲ್ಲ. ಎಂಟು ಜನ ನನ್ನ ಕೈಕೆಳಗೆ ಕೆಲಸ ಕಲಿತಿದ್ದಾರೆ. ಅವರಿಗೆ ಸಹಿ ಹಾಕುವುದು ಹೇಗೆ ಅಂತ ಕಲಿಸುವ ಅರ್ಹತೆ ನನಗೆ ಬೇಕು. ಹೆಸರು ಹಾಕಿ ಅತ್ತಿಗೆ, ಮೊದಲ ಪ್ಯಾರಾದಲ್ಲೇ ಹಾಕಿ. ಕೇಂದ್ರಕ್ಕೆ ನನ್ನ ತಪ್ಪೊಪ್ಪಿಗೆಯನ್ನು ನಾನೇ ನಿನ್ನೆ ಬರೆದು ಕೊಟ್ಟಾಯಿತು. ವಿಚಾರಣೆ ಮಾಡುತ್ತೇವೆ ಅಂದಿದ್ದಾರೆ, ಮಾಡಲಿ. ರಿಜಿಸ್ಟರಿನ ಮೂಲವನ್ನೂ ಆಗಲೇ ಒಪ್ಪಿಸಿ ರಸೀದಿ ಪಡೆದಿದ್ದೇನೆ. ನಕಲು ಇದರೊಂದಿಗಿದೆ.

ಇನ್ನು ಸೊಸೆಯ ವಿಷಯ. ನೀವು ‘ಒಣಗಲಿ’ ಅಂತ ಬರೆದಿರಿ, ನಾನು ಒಣಗಲು ಬಿಡಲಿಲ್ಲ. ಕಣಿವೆಯ ಪಾಲಿನ ಕಡ್ಡಿಯನ್ನು ಬೇರೆಡೆಗೆ ಕಳಿಸದೆ, ಎರಡೆರಡು ಕಣ್ಣಿನ ಚಿಕ್ಕ ತುಂಡು ಮಾಡಿ ಮಣ್ಣಿನ ಚೀಲಗಳಲ್ಲಿ ನೆಡಿಸಿದೆ. ಹೀಗೆ ಮಾಡಿದರೆ ಒಂದು ಕಡ್ಡಿಯಿಂದ ಇಪ್ಪತ್ತು ಸಸಿ ಏಳುತ್ತವೆ. ಈಗ ಮೂರು ಸಾವಿರದ ಎಂಟುನೂರು ಸಸಿ ಗೇಣುದ್ದ ಬೆಳೆದು ನಿಂತಿವೆ, ಮನೆಗೆ ನೂರು. ಪ್ರತಿ ಸಸಿಗೂ ನಾಲ್ಕೈದು ಎಲೆ. ಬರುವಾಗ ಒಂದು ಎಲೆಯನ್ನೂ ಕೀಳುವುದಿಲ್ಲ. ಲಾರಿಯಲ್ಲಿ ಜಾಗ ಹೆಚ್ಚು ಬೇಕು ಅಂತ ಗೊಣಗಿದರು, ಗೊಣಗಲಿ. ಚೀಟಿ ಇರುವುದಿಲ್ಲ. ಒಬ್ಬೊಬ್ಬರೂ ತಮ್ಮ ಕಣ್ಣಾರೆ ಎಲೆ ನೋಡಿ, ಒಪ್ಪಿಗೆಯಾದರೆ ತೆಗೆದುಕೊಂಡು ಹೋಗಲಿ. ಮಚ್ಚೆ ಇರುವ ಒಂದೇ ಒಂದು ಎಲೆ ಸಿಕ್ಕರೂ ಇಡೀ ಲಾರಿಯನ್ನು ನಾನೇ ಅಲ್ಲೇ ಸುಡುತ್ತೇನೆ. ಸಿಗುವುದಿಲ್ಲ ಅತ್ತಿಗೆ. ಈ ಮಾತಿಗೆ ಬೇಕಾದರೆ ಸಹಿ ಹಾಕುತ್ತೇನೆ.

ಜೂನ್ ಇಪ್ಪತ್ತೊಂದಕ್ಕೆ ಲಾರಿ ಬರುತ್ತದೆ. ನಿರ್ದೇಶಕರೂ ಬರುತ್ತಾರೆ, ವಿತರಣೆ ಅವರ ಕೈಯಿಂದಲೇ ಅಂತೆ.

ಚಿಣ್ಣಿ


೨ ಜೂನ್ ೨೦೨೩

ಚಿಣ್ಣೀ,

ನಿನ್ನ ಮಾತುಗಳನ್ನು ನಿನ್ನ ಅಣ್ಣನಿಗೆ ಓದಿ ಹೇಳಿದೆ. ಕೇಳಿ, “ಹಠಮಾರಿ” ಎಂದರು. ಎದ್ದು ಗುದ್ದಲಿ ಹುಡುಕುತ್ತಾ, “ಯಾವ ಪೆಟ್ಟಿಗೆಯಂತೆ?” ಎಂದರು. ಅವರಿಗೆ ಗೊತ್ತು. ನಿನ್ನೆಯಿಂದ ಜೋಳದ ಹೊಲದ ಒಂದು ಮೂಲೆ ಅಗೆದು ಹದ ಮಾಡುತ್ತಿದ್ದಾರೆ. ಎಷ್ಟು ಸಸಿಗೆ ಎಂದು ಕೇಳಿದರೆ, “ನೂರು ಅಂದಿದಾಳಲ್ಲ” ಎನ್ನುತ್ತಾರೆ.

ಏರಿಯ ಅಜ್ಜಿಗೆ ರಿಜಿಸ್ಟರಿನ ಪುಟ ಓದಿ ಹೇಳಿದೆ. ನಿನ್ನನ್ನು ಮನಸಾರೆ ಬೈದಳು. ಬೈದು ಮುಗಿಸಿ, “ಎಲೆ ಇರೋ ಸಸಿ ತರ್ತಾಳಂತಾ?” ಎಂದು ಕೇಳಿದಳು. ಬಂದಾಗ ಮೊದಲು ಅವಳ ಮನೆಗೆ ಹೋಗು, ಇನ್ನೂ ಸ್ವಲ್ಪ ಬೈಸಿಕೋ.

ಬಹಿರಂಗ ಪತ್ರ ಕೆಳಗಿದೆ. ಮೂವತ್ತೆಂಟೂ ಮನೆಯವರು ಸಹಿ ಹಾಕಿದ್ದಾರೆ, ತೂಕದವನೂ ಸೇರಿ. ನಿನ್ನ ಸಹಿಗೆ ಜಾಗ ಬಿಟ್ಟಿದ್ದೇನೆ. ಹಾಕಿ ಪೇಪರಿಗೂ ಕೇಂದ್ರಕ್ಕೂ ನೀನೇ ಕಳಿಸು.

ಅತ್ತಿಗೆ


ಗೆಡ್ಡೆ ಬೆಳೆಗಳ ಸಂಶೋಧನಾ ಕೇಂದ್ರದ ನಿರ್ದೇಶಕರಿಗೆ,

೨೦೧೩ರ ಜೂನ್ ಹದಿನಾಲ್ಕರಂದು ನಿಮ್ಮ ಕೊಟ್ಟಿಗೆಯಲ್ಲಿ ಎಲೆ ಸವರಿದ ಕಡ್ಡಿಗೆ ‘ರೋಗಮುಕ್ತ’ ಎಂಬ ಚೀಟಿ ಕಟ್ಟಲಾಯಿತು. ಸಹಿ ಹಾಕಿದವರು ಇಂದು ನಿಮ್ಮ ಹೊಸ ತಳಿಯನ್ನು ಬೆಳೆಸಿದ ವಿಜ್ಞಾನಿ. ತಮ್ಮ ತಪ್ಪನ್ನು ಅವರು ಬರೆದು ಒಪ್ಪಿಕೊಂಡಿದ್ದಾರೆ, ಈ ಪತ್ರಕ್ಕೂ ಸಹಿ ಹಾಕುತ್ತಿದ್ದಾರೆ. ಸಹಿ ಹಾಕಲು ಹೇಳಿದವರು ನೀವು. ಆಗಸ್ಟ್ ಒಂಬತ್ತರಂದು ನಿಮ್ಮ ಹೊಲದ ನಲವತ್ತು ಮೋಟುಗಳಲ್ಲಿ ಮೂವತ್ತೊಂದಕ್ಕೆ ರೋಗವಿದೆ ಎಂದು ರಿಜಿಸ್ಟರಿನಲ್ಲಿ ಬರೆದು ನಿಮಗೆ ತೋರಿಸಲಾಯಿತು. ಆ ಬರಹದ ಕೆಳಗೆ ನಿಮ್ಮ ಸಹಿಯಿದೆ, ನಕಲು ಲಗತ್ತಿಸಿದ್ದೇವೆ. ಇಷ್ಟು ತಿಳಿದೂ ನೀವು ಮರುವರ್ಷದ ವರದಿಯಲ್ಲಿ ನಮ್ಮ ಸಂಘದ ಕಾರ್ಯದರ್ಶಿಯನ್ನು ಸ್ವಾರ್ಥಿ ಎಂದು ಬರೆದಿರಿ. ನಾವು ನಿಮ್ಮನ್ನು ನಂಬಿ ಆ ಮನುಷ್ಯನನ್ನು ಹತ್ತು ವರ್ಷ ಹಂಗಿಸಿದೆವು. ನಮ್ಮ ಪಾಲಿನ ಕ್ಷಮೆಯನ್ನು ಅವರ ಮನೆಗೇ ಹೋಗಿ ಕೇಳಿದ್ದೇವೆ.

ಹೊಸ ತಳಿ ನಮಗೆ ಬೇಕು. ಅದು ಗೆಲ್ಲುತ್ತದೆ ಎಂಬ ನಂಬಿಕೆ ಇದೆ. ಎಲೆ ನೋಡಿ ತೆಗೆದುಕೊಳ್ಳುತ್ತೇವೆ. ಆದರೆ ಜೂನ್ ಇಪ್ಪತ್ತೊಂದರ ಬೆಳಿಗ್ಗೆ, ಸಂಘದ ಗೋದಾಮಿನ ಅಂಗಳದಲ್ಲಿ, ಮೊದಲ ಸಸಿ ನಿಮ್ಮ ಕೈಯಿಂದ ಹೊರಡುವ ಮುಂಚೆ, ನೀವು ಎದ್ದು ನಿಂತು ನಿಮ್ಮ ವರದಿಯ ಹದಿನೇಳನೇ ಪುಟವನ್ನು ಗಟ್ಟಿಯಾಗಿ ಓದಬೇಕು, ಅದರ ಪಕ್ಕದಲ್ಲೇ ರಿಜಿಸ್ಟರಿನ ಪುಟವನ್ನೂ ಓದಬೇಕು. ಎರಡರಲ್ಲಿ ಯಾವುದು ನಿಜ? ನಿಜ ಗೊತ್ತಿದ್ದೂ ಸುಳ್ಳನ್ನು ಅಚ್ಚು ಹಾಕಿಸಿದ್ದು ಯಾಕೆ? ಕಾರ್ಯದರ್ಶಿ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ನಮ್ಮೆಲ್ಲರಿಗೂ ಕೇಳಿಸುವಂತೆ ಅವರಿಗೆ ಉತ್ತರ ಕೊಡಿ.